ನಾನು ಕತ್ತರಿಸಿದ ತುದಿ

ನನ್ನ ಕೆಲಸ ಏನೆಂದು ಊರಲ್ಲಿ ಯಾರಾದರೂ ಕೇಳಿದರೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉತ್ತರ. ಸಿಟ್ಟು ಕೇಳಿದವರ ಮೇಲಲ್ಲ, ಸರಳವಾಗಿ ಹೇಳಲು ಬಾರದ ನನ್ನ ಮೇಲೆ. ಪ್ರೋಟೀನ್ ಎಂದರೆ ಬೇಳೆಯಲ್ಲಿ, ಮೊಟ್ಟೆಯಲ್ಲಿ ಇರುವುದಷ್ಟೇ ಅಲ್ಲ. ಜೀವ ಇರುವ ಕಡೆಯೆಲ್ಲ ಇರುವ ಉದ್ದನೆಯ ಸರಪಳಿ. ಅದು ತಾನೇ ಮಡಚಿಕೊಂಡು ಒಂದು ಆಕಾರ ತಾಳುತ್ತದೆ. ಆಕಾರ ಹೇಗೋ ಕೆಲಸ ಹಾಗೆ. ಕೊಂಡಿಗಳ ಕ್ರಮ ಕೊಟ್ಟರೆ ಆಕಾರ ಊಹಿಸುವುದನ್ನು ಈಗ ಕಂಪ್ಯೂಟರ್ ಕಲಿತಿದೆ. ಅದಕ್ಕೆ ಸರಿಯಾದ ಪ್ರಶ್ನೆ ಕೇಳುವುದು ನನ್ನ ಕೆಲಸ.

ನಾನು ಹಿಡಿದದ್ದು ಕಬ್ಬಿಗೆ ಕೆಂಪು ಕೊಳೆ ರೋಗ ತರುವ ಶಿಲೀಂಧ್ರದ ಒಂದು ಪ್ರೋಟೀನ್. ಮುಧೋಳದಿಂದ ಜಮಖಂಡಿಗೆ ಬರುವ ಬಸ್ಸಿನ ಎರಡೂ ಬದಿಗೆ ಕಬ್ಬೇ ಕಬ್ಬು. ನಾನು ಬೇರೆ ಯಾವುದನ್ನು ಹಿಡಿಯಲಿ? ಶಿಲೀಂಧ್ರದ ಈ ಪ್ರೋಟೀನ್ ಕಬ್ಬಿನ ಒಂದು ಪ್ರೋಟೀನನ್ನು ಬಿಗಿಹಿಡಿದು ಗಿಡದ ಕಾವಲು ಕೆಡಿಸುತ್ತದೆ ಎಂದು ನನ್ನ ನಂಬಿಕೆ. ಎರಡು ವರ್ಷ ಕಂಪ್ಯೂಟರ್ ಎರಡನ್ನೂ ಪಕ್ಕಪಕ್ಕ ನಿಲ್ಲಿಸಿತೇ ಹೊರತು ಕೂಡಿಸಲಿಲ್ಲ. ಪ್ರಯೋಗಾಲಯದ ಗೆಳತಿ ನಿಜವಾದ ಪ್ರೋಟೀನುಗಳನ್ನೇ ತಯಾರಿಸಿ ಬೆರೆಸಿದಳು. ಅಲ್ಲೂ ಅದೇ ಗತಿ. “ಈ ವರ್ಷ ಮುಗಿಯುವವರೆಗೆ ನೋಡಿ, ಆಮೇಲೆ ಇದನ್ನು ಬಿಟ್ಟುಬಿಡಿ” ಎಂದರು ಮಾರ್ಗದರ್ಶಕರು.

ಮುಖ ಸಣ್ಣದು ಮಾಡಿಕೊಂಡು ಬನಹಟ್ಟಿಗೆ ಬಂದೆ. ಅಲ್ಲಿ ನನ್ನ ಚಿಗವ್ವ, ಅಂದರೆ ಚಿಕ್ಕಮ್ಮ, ಸೀರೆ ನೇಯುತ್ತಾಳೆ. ಅಂದು ಮಗ್ಗದ ಮೇಲಿನ ಹಾಸು, ಅಂದರೆ ಉದ್ದೆಳೆಗಳು, ಮುಗಿದಿತ್ತು. ಸೀರೆ ಕತ್ತರಿಸಿ ತೆಗೆದ ಮೇಲೂ ಮಗ್ಗದ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಹಳೆಯ ಎಳೆಗಳನ್ನು ಉಳಿಸಿದ್ದಳು. ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದಕ್ಕೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಬಿಚ್ಚಿದೆ. ತೆರೆಯ ಮೇಲೆ ಶಿಲೀಂಧ್ರದ ಪ್ರೋಟೀನಿನ ಎರಡು ಚಿತ್ರಗಳಿದ್ದವು: ಕಂಪ್ಯೂಟರ್ ಕೊಟ್ಟದ್ದೊಂದು, ನಾನು ಓರಣ ಮಾಡಿದ್ದೊಂದು. ಚಿಗವ್ವ ಬಗ್ಗಿ ನೋಡಿದಳು.

“ಇದರಾಗಿನ ಬಾಲ ಅದರಾಗ ಎಲ್ಲಿ ಹೋತ ಬೇ?”

“ಕತ್ತರಿಸೀನಿ. ಅದಕ್ಕ ಆಕಾರನ ಇಲ್ಲ. ಕಿತ್ತಳಿ ಬಣ್ಣ ಐತಲ್ಲ, ಅಂದ್ರ ಕಂಪ್ಯೂಟರಿಗೆ ಅಲ್ಲಿ ಖಾತ್ರಿ ಇಲ್ಲ ಅಂತ. ನೀಲಿ ಇದ್ದರ ಖಾತ್ರಿ. ಎಲ್ಲಾರೂ ಹಿಂಗ ಕತ್ತರಿಸತಾರ.”

“ಖಾತ್ರಿ ಇಲ್ಲ ಅಂದದ್ದು ಅದು. ಕೆಲಸಕ್ಕ ಬರೂದಿಲ್ಲ ಅಂದಾಕಿ ನೀನು.” ಅವಳ ಕೈ ನಿಲ್ಲಲಿಲ್ಲ. “ನಾ ಈ ತುದಿ ಕತ್ತರಿಸಿ ಒಗದಿದ್ದರ ಹೊಸ ಹಾಸು ಯಾವುದಕ್ಕ ಕೂಡಸ್ತಿದ್ದೆ?”

ಎರಡೂ ಚಿತ್ರಗಳನ್ನು ಮತ್ತೆ ನೋಡಿದೆ. ಇಷ್ಟು ಓದಿದವಳು, ‘ಗೊತ್ತಿಲ್ಲ’ ಎಂದು ಯಂತ್ರ ಹೇಳಿದ್ದನ್ನು ‘ಬೇಡ’ ಎಂದು ತಿಳಿದಿದ್ದೆ. ಗೆಳತಿಗೂ ಬಾಲ ಕತ್ತರಿಸಿದ್ದನ್ನೇ ತಯಾರಿಸಲು ಹೇಳಿದ್ದೆ.

ಅಲ್ಲೇ ಕೂತು ಇಡೀ ಸರಪಳಿಯನ್ನು, ಕಬ್ಬಿನ ಪ್ರೋಟೀನಿನ ಜೊತೆಗೆ, ನಮ್ಮ ಪ್ರಯೋಗಾಲಯದ ದೊಡ್ಡ ಕಂಪ್ಯೂಟರಿಗೆ ಕಳಿಸಿದೆ. ಚಿಗವ್ವ ಕೊಟ್ಟ ಚಹಾ ಆರಿ ತಣ್ಣಗಾಯಿತು. ಕೊನೆಗೆ ಉತ್ತರ ಬಂತು. ಆಕಾರವೇ ಇಲ್ಲವೆಂದುಕೊಂಡಿದ್ದ ಆ ಬಾಲ ಸುರುಳಿ ಸುತ್ತಿ ಕಬ್ಬಿನ ಪ್ರೋಟೀನಿನ ಒಂದು ಸಂದಿನಲ್ಲಿ ಹೋಗಿ ಕೂತಿತ್ತು, ತುದಿಯಿಂದ ತುದಿಗೆ ನೀಲಿ. ಒಂಟಿಯಾಗಿದ್ದಾಗ ಸುಮ್ಮನೆ ಜೋತಾಡುತ್ತಿದ್ದದ್ದು ಜೋಡಿ ಸಿಕ್ಕಾಗ ಆಕಾರ ತಾಳುತ್ತದೆ! ಯಾರೂ ಕಲಿಸದೆ, ಯಾವ ಕಣ್ಣಿಗೂ ಬೀಳದೆ, ನಾನು ದಿನವೂ ದಾಟುವ ಹೊಲಗಳ ರೋಗದ ಜಲ್ಲೆಗಳೊಳಗೆ ಇದು ನಡೆದೇ ಇದ್ದಿರಬೇಕು. ಅದನ್ನು ಊಹಿಸುವ ಯಂತ್ರ ಮನುಷ್ಯರೇ ಮಾಡಿದ್ದು ಎಂಬುದೂ ನನಗೆ ಅಷ್ಟೇ ದೊಡ್ಡ ಬೆರಗು. ಅಳು ಬಂತು, ಅತ್ತುಬಿಟ್ಟೆ.

ಆದರೂ ಊಹೆ ಊಹೆಯೇ. ಗೆಳತಿ ಈ ಸಲ ಬಾಲಸಮೇತ ತಯಾರಿಸಲು ಹಿಡಿದಳು. ವರ್ಷ ಮುಗಿಯಲು ವಾರವಿರುವಾಗ ಅವಳ ಸಂದೇಶ ಬಂತು. ನಾನು ಜಮಖಂಡಿ ದಾಟಿ ಬನಹಟ್ಟಿಯ ಬಸ್ಸಿನಲ್ಲಿದ್ದೆ. “ಬಾಲ ಇಲ್ಲದ್ದು ಈ ಸಲವೂ ಕಬ್ಬಿನ ಪ್ರೋಟೀನನ್ನು ಹಿಡಿಯಲಿಲ್ಲ. ಬಾಲ ಇದ್ದದ್ದು ಎಷ್ಟು ತೊಳೆದರೂ ಬಿಡುತ್ತಿಲ್ಲ.” ಕಿಟಕಿಯಾಚೆ ಕಬ್ಬು ತೂಗುತ್ತಿತ್ತು. ಅಷ್ಟು ದಿನ ನೋಡಿದ ಕಬ್ಬನ್ನು ಅವತ್ತೇ ಮೊದಲು ನೋಡಿದ ಹಾಗಾಯಿತು.

ಓಡಿ ಹೋಗಿ ಚಿಗವ್ವನಿಗೆ ಹೇಳಿದೆ. ಅವಳ ಮುಖ ಅರಳಿತು, ಬೂದಿಗೈಯಲ್ಲೇ ನನ್ನ ಗಲ್ಲ ಹಿಡಿದಳು.

“ಛಲೋ ಆತು. ಹೆಂಗ ಹಿಡದೈತಿ ಅಂತ ಗೊತ್ತಾತಲ್ಲ? ಇನ್ನ ಬಿಡಸೂದು ಹೆಂಗ ಅಂತ ನೋಡು.”