ಅಪ್ಪನ ಗದೆಯ ಸವಾಲು

ನನಗೆ ಸಿಟ್ಟು ಬಂದರೆ ಮೊದಲು ಮುರಿಯುವುದು ಹೊಲಿಗೆ ಮಷಿನ್ನಿನ ಸೂಜಿ. ಅಪ್ಪನ ಗದೆ ಊರು ಬಿಟ್ಟು ಹೋದ ಶ್ರಾವಣದಲ್ಲಿ ಎಷ್ಟು ಸೂಜಿ ಮುರಿದೆನೋ, ಕುಂದಗೋಳಕ್ಕೆ ಹೋಗುವವರ ಕೈಯಲ್ಲೆಲ್ಲ ಸೂಜಿಯ ಪೊಟ್ಟಣ ತರಿಸಿದೆ. ಸಿಟ್ಟು ಇಳಿದ ಮೇಲೆ ಬರೆಯಬೇಕು ಎಂದು ಓದಿಕೊಂಡವರೊಬ್ಬರು ಬುದ್ಧಿ ಹೇಳಿದರು. ಇಳಿಯುವ ಲಕ್ಷಣ ಕಾಣಲಿಲ್ಲ. ಅದಕ್ಕೆ ಹೀಗೇ ಬರೆಯುತ್ತಿದ್ದೇನೆ.

ನಮ್ಮ ಊರು ಸಂಶಿಯ ಆಚೆ, ಎರೆಹೊಲಗಳ ನಡುವೆ. ಅಪ್ಪ ಪೈಲ್ವಾನ. ಸುತ್ತಲ ಊರುಗಳ ಕಣದಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿದ್ದನ್ನು ನೋಡಿದವರು ಕಡಿಮೆ. ಒಂದು ದೊಡ್ಡ ಜಂಗೀ ಕುಸ್ತಿಯಲ್ಲಿ ಗೆದ್ದು ಬೆಳ್ಳಿಯ ತಗಡು ಹೊದಿಸಿದ ಗದೆ ತಂದಿದ್ದ. ಇನ್ನೊಂದು ಕಣದಲ್ಲಿ ಗೆದ್ದ ಬೆಳ್ಳಿ ಕಡಗ ಅವನ ಬಲಗೈಯಲ್ಲಿ ಕೊನೆಯವರೆಗೂ ಇತ್ತು. ನಾನು ಒಬ್ಬಳೇ ಮಗಳು. ಅಪ್ಪ ಕುಸ್ತಿ ಕಲಿಸುತ್ತಿದ್ದ ಗರಡಿಮನೆ ನಮ್ಮ ಓಣಿಯ ಕೊನೆಗೇ ಇದ್ದರೂ ಅದರ ಹೊಸ್ತಿಲನ್ನು ನಾನು ಒಮ್ಮೆಯೂ ದಾಟಿಲ್ಲ. ಹೆಣ್ಣುಮಕ್ಕಳು ದಾಟಬಾರದು. ದಾಟಿದರೆ ಕಣದ ಮಣ್ಣು ಕೆಡುತ್ತದಂತೆ. ಆ ಮಣ್ಣಿಗೆ ಹಾಕುವ ಮಜ್ಜಿಗೆ ಕಡೆದವಳು ನಮ್ಮವ್ವ, ಅರಿಷಿಣ ಕುಟ್ಟಿದವಳು ನಾನು, ಆಗೇನೂ ಕೆಟ್ಟಿರಲಿಲ್ಲ.

ಒಳಗೆ ಹೋಗಲಾರದವಳಿಗೆ ಹೊರಗಿನ ಗೋಡೆ ಇತ್ತು. ಹಿಟ್ಟಿನ ಗಿರಣಿಯ ಗೋಡೆಗೆ, ಬಸ್ ನಿಲ್ಲುವ ಕಟ್ಟೆಗೆ ಕುಸ್ತಿಯ ಹ್ಯಾಂಡಬಿಲ್ಲು ಅಂಟಿಸುತ್ತಿದ್ದರು. ಗುಲಾಬಿ, ಹಳದಿ, ಹಸಿರು ಕಾಗದ, ಮೇಲೆ ಜೋಡಿಗಳ ಹೆಸರು. ಕುಸ್ತಿ ಮುಗಿದ ಮರುದಿನ ತಂಬಿಗೆಯಲ್ಲಿ ನೀರು ಒಯ್ದು ತೋಯಿಸಿ, ಹರಿಯದ ಹಾಗೆ ಬಿಡಿಸಿ ತರುತ್ತಿದ್ದೆ. ಹೊಲಿಗೆ ಕಲಿತ ಮೇಲೆ ತೆಳು ಅರಿವೆಯ ನಡುವೆ ಇಟ್ಟು ಬೆಚ್ಚನೆಯ ಇಸ್ತ್ರಿ ಎಳೆಯುವುದು ರೂಢಿಯಾಯಿತು. ಮದುವೆಯಾಗಿ ಇದೇ ಊರಲ್ಲಿ ಉಳಿದೆ, ಅಂಗಡಿ ಹಾಕಿದೆ, ಪೈಲ್ವಾನರ ಲಂಗೋಟಿ ಹೊಲಿದೆ. ಹ್ಯಾಂಡಬಿಲ್ಲುಗಳ ಜೊತೆ ಟಿಕೀಟಿನ ಚೂರು, ಎದೆಗೆ ಚುಚ್ಚುವ ಬಿಲ್ಲೆ, ಫೋಟೋ ಎಲ್ಲ ಸೇರಿ ಎರಡು ಟ್ರಂಕು ತುಂಬಿದವು. ಕುಬಿಹಾಳದ ಕಡೆಯ ಗಿರಾಕಿಯೊಬ್ಬಳು ಹೊಲಿಗೆಯ ಕೂಲಿಗೆ ಬದಲು ತನ್ನ ಮಾವನ ಕುಸ್ತಿಯ ಫೋಟೋ ಕೊಟ್ಟಾಗ ನನ್ನ ಗಂಡ ಹಣೆ ಬಡಿದುಕೊಂಡಿದ್ದ. "ಮಂದಿ ಬಂಗಾರ ಕೂಡಿಡ್ತಾರ, ನೀ ರದ್ದಿ ಕೂಡಿಡ್ತಿ" ಎಂದ. ಮೊಬೈಲ್ ಬಂದ ಮೇಲೆ ಹಳೆ ವಸ್ತು ಕೂಡಿಸುವವರ ಗುಂಪಿಗೆ ಸೇರಿದೆ. ಅಲ್ಲಿ ವಾರಕ್ಕೊಮ್ಮೆ ಹರಾಜು. ಎರಡೆರಡು ಇದ್ದ ಹ್ಯಾಂಡಬಿಲ್ಲುಗಳನ್ನು ಇಟ್ಟರೆ ಕೊಲ್ಲಾಪುರದವರು, ಪುಣೆಯವರು ಪೈಪೋಟಿಗೆ ಬಿದ್ದು ಕೊಳ್ಳುತ್ತಿದ್ದರು. ರದ್ದಿ ಎಂದಿದ್ದ ಗಂಡನ ಬಾಯಿ ಮುಚ್ಚಿತು.

ಅಪ್ಪ ತೀರಿಕೊಂಡ ಹದಿಮೂರನೆಯ ದಿನ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಬಂದು ಗದೆ ಮತ್ತು ಕಡಗ ಎರಡನ್ನೂ ಗರಡಿಗೆ ಒಯ್ದ. ಗರಡಿಯ ಕಮಿಟಿಗೆ ಅವನೇ ಯಜಮಾನ. "ಗಂಡ ಮಗ ಇಲ್ಲದ ಪೈಲ್ವಾನನ ವಸ್ತು ಗರಡೀಗೆ ಸೇರಬೇಕು, ತಂಗಿ" ಎಂದ. ನಾನು ಹೂಂ ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೇ ನನ್ನ ಮೇಲೆ ನನಗೆ ಇವತ್ತಿಗೂ ಕೋಪ.

ಇಲ್ಲಿ ನಮ್ಮೂರ ಪದ್ಧತಿಯೊಂದನ್ನು ಹೇಳಬೇಕು. ಹರಾಜಿಗೆ ನಮ್ಮ ಕಡೆ ಸವಾಲು ಎನ್ನುತ್ತಾರೆ. ನಾಗರಪಂಚಮಿಯ ಮರುದಿನ ಗರಡಿಯ ಮುಂದಿನ ಬೇವಿನ ಗಿಡದ ಕೆಳಗೆ ಗರಡಿಯ ಗದೆಯ ಸವಾಲು ನಡೆಯುತ್ತದೆ. ಅಪ್ಪ ಹೋದಾಗಿನಿಂದ ಅದು ಅಪ್ಪನ ಗದೆಯದೇ. ಸವಾಲು ಹಿಡಿದವನು, ಅಂದರೆ ಎಲ್ಲರಿಗಿಂತ ಹೆಚ್ಚು ಕೂಗಿದವನು, ಗದೆಯನ್ನು ಹೆಗಲ ಮೇಲೆ ಹೊತ್ತು, ಹಲಗೆ ಬಡಿಸಿಕೊಂಡು ಊರು ಸುತ್ತಿ, ತನ್ನ ಕೈಯಾರೆ ಗರಡಿಯ ಗೋಡೆಗೂಡಿನಲ್ಲಿ ತಿರುಗಿ ಇಡಬೇಕು. ಕೊಟ್ಟ ದುಡ್ಡು ಕಣದ ಮಣ್ಣಿಗೆ, ಎಣ್ಣೆಗೆ. ಸಿಗುವುದು ಒಂದು ದಿನದ ಮಾನ. ಮತ್ತೊಂದು ಮಾತು, ಹೊರಗಿನವನು ಸವಾಲು ಕೂಗಿದರೆ ಊರವರು ಮೇಲೆ ಏರಿಸಬಾರದು, ಬಂದ ಬೀಗರ, ಅಂದರೆ ಅತಿಥಿಗಳ, ಮಾನ ಕಾಯಬೇಕು. ಇದ್ಯಾವುದನ್ನೂ ಯಾರೂ ಬರೆದಿಟ್ಟಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆಯುತ್ತಾರೆ?

ಗದೆ ಹೋದ ವರ್ಷದ ಬೇಸಿಗೆಯಲ್ಲಿ ಹರಾಜಿನ ಗುಂಪಿನಲ್ಲಿದ್ದ ಒಬ್ಬ ವ್ಯಾಪಾರಿ ಕಾರು ಮಾಡಿಕೊಂಡು ನನ್ನ ಅಂಗಡಿಗೇ ಬಂದ. ಬೆಳಗಾವಿ ಕಡೆಯ ಕನ್ನಡ, ಮಾತು ಬೆಣ್ಣೆ. ಅಕ್ಕಾರ, ಅಕ್ಕಾರ ಎನ್ನುತ್ತ ನನ್ನ ಟ್ರಂಕಿನ ಮುಂದೆ ಮಂಡಿಯೂರಿ ಕೂತು ಒಂದೊಂದು ಕಾಗದವನ್ನೂ ಎರಡು ಕೈಯಲ್ಲಿ ಹಿಡಿದು ನೋಡಿದ. ಇಷ್ಟು ವರ್ಷಗಳಲ್ಲಿ ಹಾಗೆ ನೋಡಿದವರು ಯಾರೂ ಇರಲಿಲ್ಲ. ನಾನು ಉಬ್ಬಿಹೋದೆ. ಚಹಾ ಕೊಟ್ಟೆ, ಚುರುಮುರಿ ಕೊಟ್ಟೆ. ಅಪ್ಪ ಗದೆ ಹೊತ್ತ ಫೋಟೋ ತೋರಿಸಿದೆ.

"ಈ ಗದಾ ಈಗ ಎಲ್ಲಿ ಐತ್ರಿ ಅಕ್ಕಾರ?" ಎಂದು ಕೇಳಿದ.

ಹೇಳಿದೆ. ಗರಡಿ ಹೇಳಿದೆ, ಪಂಚಮಿ ಹೇಳಿದೆ, ಸವಾಲು ಹೇಳಿದೆ, ತಿರುಗಿ ಇಡುವ ಪದ್ಧತಿಯನ್ನೂ ಹೇಳಿದೆ. ಬಾಯಿ ಹೊಲಿದುಕೊಳ್ಳುವ ವಿದ್ಯೆಯೊಂದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಪಂಚಮಿಯ ಮರುದಿನ ಅವನು ಬೇವಿನ ಗಿಡದ ಕೆಳಗೆ ಕುರ್ಚಿಯ ಮೇಲೆ ಕೂತಿದ್ದ. ನಾವು ಹೆಂಗಸರು ಗಿರಣಿಯ ಕಟ್ಟೆಯ ಮೇಲೆ ನಿಂತಿದ್ದೆವು. ಸವಾಲು ನಡೆಸುವವರು ಅಪ್ಪನ ಜೋಡಿಯಾಗಿದ್ದ ಹಳೆಯ ಪೈಲ್ವಾನರು, ನನಗೆ ಕಾಕಾ. ಊರವರ ಕೂಗು ಎಂದಿನಂತೆ ಕುಂಟುತ್ತ ಸಾಗಿತ್ತು. ಅವನು ಒಮ್ಮೆಲೇ ಅದರ ಹತ್ತು ಪಟ್ಟು ಕೂಗಿದ. ಗಿಡದ ಕೆಳಗೆ ಸೀಟಿ, ಚಪ್ಪಾಳೆ. ಹರಾಜಿನಲ್ಲಿ ಹಾಗೆ ಕೂಗುವವರು ಮಾನಕ್ಕಾಗಿ ಕೂಗುವುದಿಲ್ಲ, ಇದು ಆ ಊರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಕಟ್ಟೆ ಇಳಿದು ಅಣ್ಣನ ಬೆನ್ನ ಹಿಂದೆ ಹೋಗಿ ನಿಂತೆ. "ಅಣ್ಣಾ, ಮ್ಯಾಲೆ ಏರಸೋ. ರೊಕ್ಕ ನಾ ಕೊಡ್ತೀನಿ. ಅವಾ ಒಯ್ಯಾಕ ಬಂದಾನ" ಎಂದೆ.

ಅವನು ತಿರುಗಿ ನೋಡದೆಯೇ ಹೇಳಿದ, "ಏ ಸುಮ್ನಿರ ಬೇ. ಬೀಗರ ಮ್ಯಾಲೆ ಸವಾಲು ಏರಸ್ತಾರೇನು? ಗದಾ ಎಲ್ಲಿ ಹೋಗತೈತಿ? ಸವಾಲಿನ್ಯಾಗ ಹೆಂಗಸರು ಬಾಯಿ ಹಾಕಬಾರದು, ನಡಿ ಆ ಕಡೆ."

ನಡೆದೆ. ಇಲ್ಲಿ ನಾನು ಯಾರನ್ನೂ ದೂರುವ ಹಾಗಿಲ್ಲ. ಬಾಯಿ ನನ್ನದು, ದುಡ್ಡು ನನ್ನದು, ಅಪ್ಪ ನನ್ನವನು. ಕಾಕಾ "ಒಂದ ಸಲ" ಎಂದರು, "ಎರಡ ಸಲ" ಎಂದರು. "ಮೂರ ಸಲ" ಎನ್ನುವಾಗಲೂ ನಾನು ಸೆರಗು ಕಚ್ಚಿಕೊಂಡು ನಿಂತೇ ಇದ್ದೆ.

ಮುಂದಿನದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ. ಊರವರೇ ಅವನ ತಲೆಗೆ ಪಟಕಾ ಸುತ್ತಿದರು, ಕೊರಳಿಗೆ ಹಾರ ಹಾಕಿದರು, ಹೆಗಲಿಗೆ ಗದೆ ಏರಿಸಿದರು. ಹಲಗೆ ಬಡಿಯುತ್ತ ಊರೆಲ್ಲ ಸುತ್ತಿ ಬಂದರು. ಗರಡಿಯ ಬಾಜೂಕ್ಕೆ ಅವನ ಕಾರಿತ್ತು. ಗದೆಯನ್ನು ಕಂಬಳಿಯಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದ. ಎಲ್ಲರಿಗೂ ಕೈಮುಗಿದು ಹೊರಟುಬಿಟ್ಟ. ಕಾರು ಸಂಶಿಯ ರಸ್ತೆಗೆ ಹತ್ತುವವರೆಗೂ ಹಲಗೆಯವರು ಬಡಿಯುತ್ತಲೇ ಇದ್ದರು.

"ದೊಡ್ಡ ಮನಷ್ಯಾ, ಪೂಜಿ ಮಾಡಿಸಿಕೊಂಡು ತರತಾನ" ಎಂದ ಅಣ್ಣ. ಸಂಜೆಯವರೆಗೆ ಗಿಡದ ಕೆಳಗೆ ಕಾದರು. ಮರುದಿನವೂ ಕಾದರು. ಮೂರನೆಯ ದಿನ ಕಮಿಟಿಯವರು ಗೋಡೆಗೂಡಿಗೆ ಬಾಗಿಲು ಮಾಡಿಸಿ ಬೀಗ ಹಾಕಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರನ್ನು ಕಣ್ಣಾರೆ ಕಂಡೆ.

ನಾನು ಫೋನು ಮಾಡಿದೆ. ಅವನ ದನಿ ಅದೇ ಬೆಣ್ಣೆ. "ಅಕ್ಕಾರ, ಊರ ಮುಂದ ಮೂರ ಸಲ ಕೂಗ್ಯಾರ. ರೊಕ್ಕ ಎಣಿಸಿಕೊಂಡಾರ. ನನ್ನ ಕಡೆ ವಿಡಿಯೋ ಐತಿ. ಕಳ್ಳತನ ಮಾಡೇನೇನ್ರಿ?" ಎಂದ.

"ಪದ್ಧತಿ ನಿಮಗ ನಾನ ಹೇಳಿದ್ದೆ" ಎಂದೆ.

"ಹೌದ್ರಿ, ನೀವ ಹೇಳಿದ್ರಿ" ಎಂದ. ಅಷ್ಟೇ. ಅಂದು ಎರಡು ಸೂಜಿ ಹೋದವು.

ಕೆಲವು ತಿಂಗಳ ಮೇಲೆ ಗದೆ ಒಂದು ದೊಡ್ಡ ಆನ್‌ಲೈನ್ ಹರಾಜಿನಲ್ಲಿ ಕಾಣಿಸಿಕೊಂಡಿತು. ಕಪ್ಪು ಮಖಮಲ್ಲಿನ ಮೇಲೆ ಇಟ್ಟು ತೆಗೆದ ಫೋಟೋ. ಬೆಳ್ಳಿ, ತೂಕ, ಉದ್ದ ಎಲ್ಲ ಬರೆದಿದ್ದರು. ಕೆಳಗೆ, ಗೆದ್ದ ಪೈಲ್ವಾನನ ಹೆಸರು ತಿಳಿದಿಲ್ಲ ಎಂದಿತ್ತು. ಹೆಸರು ಇದ್ದರೆ ಮನೆಯವರು ಕೇಳಿಕೊಂಡು ಬರುತ್ತಾರಲ್ಲ! ನನ್ನ ಅಂಗಡಿಯಲ್ಲಿ ಕೂತು, ನನ್ನ ಚುರುಮುರಿ ತಿಂದು, ಅಪ್ಪನ ಹೆಸರನ್ನು ನಾಲ್ಕು ಸಲ ಕೇಳಿ ಬರೆದುಕೊಂಡವನು ಅವನು. ಗದೆ ಹೋದದ್ದಕ್ಕಿಂತ ಆ ಒಂದು ಸಾಲಿಗೆ ನಾನು ಹೆಚ್ಚು ಅತ್ತೆ. ಕೈಯಲ್ಲಿದ್ದಷ್ಟೂ ಕೂಗಿದೆ. ನನ್ನ ಕೂಗನ್ನು ಯಾರೋ ಕ್ಷಣದಲ್ಲಿ ದಾಟಿಹೋದರು, ಅವರನ್ನು ಮತ್ಯಾರೋ. ಅಪ್ಪನ ಗದೆ ಈಗ ಯಾವ ಊರಿನ ಯಾವ ಕಪಾಟಿನಲ್ಲಿದೆಯೋ ಗೊತ್ತಿಲ್ಲ.

ಊರವರು ಏನು ಕಲಿತರು? ಮುಂದಿನ ಪಂಚಮಿಗೆ ಸವಾಲು ನಿಲ್ಲಿಸಲಿಲ್ಲ. ಗದೆಯ ಬದಲು ಅಪ್ಪನ ಕಡಗವನ್ನು ತಾಟಿನಲ್ಲಿ ಇಟ್ಟು ತಂದರು. ಅಣ್ಣ ಎದ್ದು ನಿಂತು ಹೊಸ ನಿಯಮ ಹೇಳಿದ. "ಈ ವರ್ಷದಿಂದ ಊರವರಷ್ಟ ಸವಾಲು ಹಿಡೀಬೇಕು."

ಹಿಡಿದದ್ದನ್ನು ತಿರುಗಿ ಇಡಲೇಬೇಕು ಎಂಬ ಮುಖ್ಯ ಮಾತನ್ನು ಆಗಲೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ಕಟ್ಟೆಯ ಮೇಲಿನಿಂದಲೇ ಕೂಗಿದೆ. ಅವರು ಅಲ್ಲಿಯವರೆಗೆ ಕೂಗಿದ್ದಕ್ಕಿಂತ ಬಹಳ ಮೇಲೆ ಕೂಗಿದೆ. ಗಿಡದ ಕೆಳಗಿನ ತಲೆಗಳೆಲ್ಲ ಒಮ್ಮೆಲೇ ತಿರುಗಿದವು. ಕಾಕಾ ಅಣ್ಣನ ಮುಖ ನೋಡಿದರು.

"ಅವನ ಮಾರಿ ಯಾಕ ನೋಡ್ತೀರಿ ಕಾಕಾ? ನಾ ಈ ಊರಾಕಿ ಹೌದಿಲ್ಲೋ? ಕೂಗ್ರಿ" ಎಂದೆ.

ಕಾಕಾ ಕೂಗಿದರು. ಒಂದ ಸಲ. ಎರಡ ಸಲ. ಯಾರೂ ಏರಿಸಲಿಲ್ಲ. ಹೆಂಗಸಿನ ಜೊತೆ ಪೈಪೋಟಿ ಮಾಡಿದರೆ ಮಾನ ಹೋಗುತ್ತದಲ್ಲ. ಮೂರ ಸಲ.

ಕೆಳಗಿಳಿದು ದುಡ್ಡು ಎಣಿಸಿ ಕೊಟ್ಟೆ. ಕಡಗ ಕೈಗೆ ತೆಗೆದುಕೊಂಡೆ. ಹಲಗೆಯವರಿಗೆ ಬಡಿಯಬೇಕೋ ಬೇಡವೋ ತಿಳಿಯಲಿಲ್ಲ. ನೇರ ಗರಡಿಯ ಬಾಗಿಲಿಗೆ ನಡೆದೆ. ಅಣ್ಣ ಓಡಿ ಬಂದು ಹೊಸ್ತಿಲಿಗೆ ಅಡ್ಡ ನಿಂತ.

"ಏನ್ ಮಾಡಾಕತ್ತಿ? ಹೆಣ್ಣಮಕ್ಳು ಒಳಗ ಬರೂ ಹಂಗಿಲ್ಲ. ಇಲ್ಲಿ ಕೊಡು, ನಾ ಇಡ್ತೀನಿ" ಎಂದು ಕೈ ಚಾಚಿದ.

"ಹಿಡದವರು ತಮ್ಮ ಕೈಯಾರೆ ಇಡಬೇಕು ಅನ್ನೂದು ಪದ್ಧತಿ ಅಲ್ಲೇನೋ ಅಣ್ಣಾ?"

"ಹೌದು, ಆದ್ರ..."

"ಆದ್ರ ಏನು? ಬಾಗಲಾ ಬಿಡು, ಇಡ್ತೀನಿ. ಬಿಡೂದಿಲ್ಲಂದ್ರ ಎಲ್ಲಿ ಇಡಬೇಕು ಅಂತ ನೀನ ಹೇಳು."

ಅವನು ಬಾಗಿಲು ಬಿಡಲಿಲ್ಲ. ನಾನು ಎಲ್ಲರೂ ನೋಡುತ್ತಿದ್ದ ಹಾಗೆ ಕಡಗವನ್ನು ನನ್ನ ಬಲಗೈಗೆ ಏರಿಸಿಕೊಂಡೆ. ಅಪ್ಪನ ಕೈಯ ಅಳತೆ, ನನಗೆ ಮೊಣಕೈವರೆಗೂ ಜಾರಿತು. ಮನೆಯ ಕಡೆ ತಿರುಗಿದೆ. ಹಿಂದಿನಿಂದ ಯಾರೋ ಪದ್ಧತಿ, ಪದ್ಧತಿ ಎಂದು ಕೂಗುತ್ತಿದ್ದರು. ಗದೆ ಒಯ್ದ ಕಾರನ್ನು ಹಲಗೆ ಬಡಿಸಿ ಕಳಿಸಿದವರೇ ಅವರು.

ಆಮೇಲೆ ಅಣ್ಣ ಮೂರು ಸಲ ಮನೆಗೆ ಬಂದ, ಒಮ್ಮೆ ಜಬರಿಸಿದ, ಒಮ್ಮೆ ಅತ್ತ, ಒಮ್ಮೆ ಸಿಹಿ ಉಂಡಿಯ ಡಬ್ಬಿ ತಂದ. ಮೂರು ಸಲವೂ ಒಂದೇ ಮಾತು ಹೇಳಿ ಕಳಿಸಿದೆ. ಕಡಗ ನನಗೆ ಬೇಡ, ಅದು ಗರಡಿಯದು. ಬಾಗಿಲು ಬಿಟ್ಟ ದಿನ ನಾನೇ ಒಳಗೆ ಹೋಗಿ ಗೂಡಿನಲ್ಲಿ ಇಟ್ಟು ಬರುತ್ತೇನೆ. ಈ ಸಾಲು ಬರೆಯುವಾಗಲೂ ಕಡಗ ನನ್ನ ಕೈಯಲ್ಲೇ ಇದೆ.