ಬಾವಿಗೆ ಇಳಿಸುವ ಮುಂಚೆ ಕೇಳುವ ಮಾತು

ಬೆಟ್ಟಸ್ವಾಮಿ ಕೂತಲ್ಲಿ ಕೂರುವವನಲ್ಲ. ನನ್ನ ಮನೆಗೆ ಬಂದರೆ ಜಗುಲಿಯ ಮೇಲೆ ಅರ್ಧ ಕೂತು ಅರ್ಧ ಎದ್ದು, ಮುದ್ದೆ ನುಂಗುವಾಗಲೂ ಕಾಲು ಅಲ್ಲಾಡಿಸುತ್ತಲೇ ಇರುತ್ತಿದ್ದ. "ಒಂದ್ ಗಳಿಗೆ ನೆಟ್ಟಗೆ ಕೂತ್ಕೊಳೋ, ನಿನ್ನ ನೋಡ್ತಿದ್ರೆ ನಂಗೇ ತಲೆ ಸುತ್ತುತ್ತೆ" ಎಂದು ಬೈಯುತ್ತಿದ್ದೆ. ನಗುತ್ತಿದ್ದ, ಕಾಲು ಮಾತ್ರ ನಿಲ್ಲುತ್ತಿರಲಿಲ್ಲ. ಅವನು ನನ್ನ ತಮ್ಮ. ನಾನು ಸುಂದ್ರಮ್ಮ, ಭೇರ್ಯದ ಚಲುವಯ್ಯನ ಮಗಳು, ಪಿರಿಯಾಪಟ್ಟಣದ ಪಕ್ಕದ ಹಳ್ಳಿಗೆ ಕೊಟ್ಟ ಹೆಣ್ಣು. ನನ್ನ ಬಾಯಿ ಜೋರು ಎನ್ನುತ್ತಾರೆ. ಅನ್ನಲಿ. ಈ ಕಥೆಯಲ್ಲಿ ತಪ್ಪು ನನ್ನ ಬಾಯಿಯದೇ, ಆದ್ದರಿಂದ ನಾನೇ ಹೇಳುವುದು ಸರಿ.

ದೊಡ್ಡ ಜ್ವರ ಬಂದು ಊರೂರೇ ಖಾಲಿಯಾದ ವರ್ಷ ನನಗೆ ಆರು ತುಂಬಿತ್ತು. ಅಪ್ಪ ಭತ್ತದ ಗಾಡಿ ಹೊಡೆದುಕೊಂಡು ಚುಂಚನಕಟ್ಟೆಗೆ ಹೋಗಿದ್ದ. ವಾಪಸು ಬರುವಾಗ ನಾಲೆಯ ಏರಿ ಮೇಲೆ ಎತ್ತಿಲ್ಲದ ಗಾಡಿಯೊಂದು ನಿಂತಿತ್ತಂತೆ. ಒಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು, ಇಬ್ಬರೂ ಸತ್ತಿದ್ದರು. ನಡುವೆ ಎರಡು ವರ್ಷದ ಗಂಡು ಕೂಸು ಕಂಬಳಿಯ ಅಂಚು ಚೀಪುತ್ತಾ ಕೂತಿತ್ತು. ಅಪ್ಪ ಸುತ್ತಲ ಮೂರು ಹಳ್ಳಿಯಲ್ಲಿ ವಿಚಾರಿಸಿದ. ಯಾರಿಗೂ ಗೊತ್ತಿಲ್ಲ. ಕೂಸಿನ ಕೊರಳಲ್ಲಿ ಲಿಂಗವಿಲ್ಲ, ತಾಯತವಿಲ್ಲ, ಹಣೆಯಲ್ಲಿ ನಾಮವಿಲ್ಲ, ವಿಭೂತಿಯಿಲ್ಲ. ಹೊತ್ತುಕೊಂಡು ಮನೆಗೆ ಬಂದುಬಿಟ್ಟ.

ನನ್ನ ಅವ್ವ ದೊಡ್ಡತಾಯಮ್ಮ ಬಾಗಿಲಲ್ಲೇ ತಡೆದು ಕೇಳಿದಳು, "ಯಾವ ಜನವೋ ಏನೋ, ಒಳೀಕೆ ತತ್ತಾ ಇದ್ದೀರಲ್ಲ?"

"ಜ್ವರ ಬಂದ್ರೂ ಬದುಕಿರೋ ಜನ. ನೀರು ಕಾಯ್ಸು, ಮೈ ತೊಳೀಬೇಕು" ಎಂದ ಅಪ್ಪ.

ಅವ್ವ ಮೈ ತೊಳೆದಳು. ಸಂಜೆಯ ಹೊತ್ತಿಗೆ ಕೂಸು, ಅಂದರೆ ನಮ್ಮ ಬೆಟ್ಟ, ಅವಳ ಮಡಿಲಲ್ಲಿ ನಿದ್ದೆ ಹೋಗಿತ್ತು. ಸಾಯುವವರೆಗೂ ಅವಳು ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಅಪ್ಪ ಇರುವವರೆಗೆ ಊರಿನಲ್ಲೂ ಯಾರೂ ಬಾಯಿ ಬಿಡಲಿಲ್ಲ. ಅಪ್ಪ ಸತ್ತು ಹನ್ನೊಂದನೇ ದಿನ ಕಳೆದದ್ದೇ ದಾಯಾದಿಗಳು ಶುರುಮಾಡಿದರು. ಕರುಳು ಹಂಚಿಕೊಳ್ಳದವನು ಹೊಲ ಹಂಚಿಕೊಳ್ಳುತ್ತಾನಾ ಎಂದರು. ನಾನು ತವರಿಗೆ ಹೋಗಿ ಒಬ್ಬೊಬ್ಬರ ಮನೆ ಮುಂದೆ ನಿಂತು ಅವರ ವಂಶವನ್ನೆಲ್ಲ ಜಾಲಾಡಿ ಬಂದೆ. ಬೆಟ್ಟ ಜಗಳವಾಡಲಿಲ್ಲ. ಒಂದು ಹಗ್ಗ, ಎರಡು ಮಂಕರಿ, ಒಂದು ಗುದ್ದಲಿ ತೆಗೆದುಕೊಂಡು ಊರು ಬಿಟ್ಟ. ಹೆಗ್ಗಡದೇವನಕೋಟೆಯ ಕಡೆ ರಾಮಮ್ಮ ಎಂಬ ಹುಡುಗಿಯನ್ನು ಮದುವೆಯಾದ. ಅವಳ ಅಪ್ಪನಿಗೆ ಐದು ಹೆಣ್ಣುಮಕ್ಕಳು, ಅಳಿಯನ ಕುಲ ಕೆದಕುವಷ್ಟು ಪುರುಸೊತ್ತು ಇರಲಿಲ್ಲ. ಒಬ್ಬಳು ಮಗಳು ಹುಟ್ಟಿದಳು, ಪುಟ್ಟತಾಯಿ.

ಬೆಟ್ಟ ಹಿಡಿದ ಕೆಲಸ ಬಾವಿಯ ಹೂಳು ತೆಗೆಯುವುದು. ಬೇಸಿಗೆಯಲ್ಲಿ ನೀರು ತಳ ಕಂಡಾಗ ಹಗ್ಗ ಹಿಡಿದು ಇಳಿದು ಕೆಸರು, ಒಡೆದ ಕೊಡ, ಕೊಳೆತ ಎಲೆ ಎಲ್ಲವನ್ನೂ ಮಂಕರಿಗೆ ತುಂಬಿ ಮೇಲಕ್ಕೆ ಕಳಿಸಬೇಕು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಅವನು ಇಳಿಯದ ಬಾವಿ ಕಡಿಮೆ. ಅಂಥ ಕೆಲಸಕ್ಕೆ ಹೋದವನನ್ನು ಮೊದಲು ಕೇಳುವುದು ಕೂಲಿಯ ಮಾತಲ್ಲ. "ಯಾವ ಜನ?" ಅನ್ನುತ್ತಾರೆ. ಇಳಿದವನ ಪಾದ ನೀರಿನಲ್ಲಿ ಊರುತ್ತದೆ, ಆ ನೀರು ನಾಳೆ ಅಡುಗೆಮನೆಗೆ ಹೋಗುತ್ತದೆ. ಕೇಳುವವರಿಗೆ ಅದು ಹೆಸರು ಕೇಳಿದಷ್ಟೇ ಸಲೀಸು.

"ಏನಂತೀಯೋ ಅವರಿಗೆ?" ಎಂದು ಒಮ್ಮೆ ಕೇಳಿದೆ.

"ಏನೋ ಒಂದ್ ಯೋಳ್ತೀನಿ. ಇಳುಸ್ತಾರೆ, ಬುಡು" ಎಂದು ಎದ್ದು ಹೋದ.

ನನಗೆ ಕಸಿವಿಸಿಯಾಗುತ್ತಿದ್ದದ್ದು ಇನ್ನೊಂದು ವಿಷಯಕ್ಕೆ. ಇವನೂ ಕೇಳಲು ಶುರುಮಾಡಿದ್ದ. ಕೆಲಸ ಮುಗಿದು ಮೇಲೆ ಬಂದವನು ಅಂಗಳದಲ್ಲಿದ್ದ ಹಿರಿಯರನ್ನು ಹುಡುಕಿ, "ನೀವು ಯಾವ ಜನ? ಜ್ವರದ ವರ್ಷ ನಿಮ್ಮೋರಲ್ಲಿ ಯಾರಾದ್ರೂ ಗಾಡಿ ಕಟ್ಕೊಂಡು ಓಗಿ ವಾಪಸ್ ಬರದೆ ಇದ್ದೋರು ಅವ್ರಾ?" ಎನ್ನುತ್ತಿದ್ದ. ಎರಡನೆಯ ಪ್ರಶ್ನೆ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೊದಲನೆಯದಕ್ಕೇ ಮುಖ ಕೆಂಪಾಗುತ್ತಿತ್ತು. ಹುಣಸೂರಿನಲ್ಲಿ ಖಾದಿ ತೊಟ್ಟ ಹೋಟೆಲ್ ಯಜಮಾನರೊಬ್ಬರು ಹಿತ್ತಲ ಬಾವಿಗೆ ಇವನನ್ನು ಇಳಿಸುವ ಮುಂಚೆ ಮಾಮೂಲಿನಂತೆ ವಿಚಾರಿಸಿ ಇಳಿಸಿದರು. ಸಂಜೆ ಇವನು ಕೇಳಿದ್ದೇ ತಡ, ಸೌಟು ಎತ್ತಿಕೊಂಡು ಬಂದರಂತೆ. "ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಯ್ತು, ಇನ್ನೂ ಜಾತಿ ಕೇಳ್ತೀಯೇನ್ಲಾ? ನಾಚಿಕೆ ಆಗಲ್ವಾ?"

ಬೆಟ್ಟ ಇದನ್ನು ನನಗೆ ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ನಗು ಬರಲಿಲ್ಲ. ಆ ಹೋಟೆಲಿಗೆ ಹೋಗಿ ಆ ಸೌಟನ್ನು ಕಿತ್ತುಕೊಳ್ಳೋಣ ಅನ್ನಿಸಿತು.

"ಕೇಳೋದ್ ಬುಟ್ಬುಡೋ. ನಿನ್ನೋರು ಸಿಕ್ಕಿ ಏನಾಗ್ಬೇಕು? ನಾವಿಲ್ವಾ ನಿಂಗೆ?" ಎಂದೆ.

ಅವನು ಎದ್ದು, ಬಾಗಿಲವರೆಗೆ ಹೋಗಿ, ಮತ್ತೆ ಬಂದು ಕೂತ. "ವೀರನಹೊಸಹಳ್ಳಿ ಕಡೆ ಒಂದು ಮುದುಕಿ ಅವಳೆ ಅಕ್ಕ. ಕಾಡಂಚಲ್ಲಿ ಗುಡ್ಲು. ಬಾಯಾರಿ ನೀರು ಕೇಳ್ದೆ. ಅವಳೂ ಅದೇ ಕೇಳುದ್ಲು, ಯಾವ ಜನಾನಪ್ಪ ಅಂತ. ಯಾಕವ್ವ ಅಂದ್ರೆ, ನಮ್ಮ ಗಡಿಗೆ ನೀರು ಕುಡುದ್ರೆ ನಾಳೆ ನಿನ್ನೋರು ಬಂದು ನಂಗೆ ಹೊಡೀತಾರಲ್ಲ, ಅದ್ಕೆ ಅಂದ್ಲು. ನೋಡು, ಹುಣಸೂರೋರು ಕೇಳೋದು ನನ್ನ ದೂರ ಇಡಾಕೆ. ಇವಳು ಕೇಳೋದು ಹೆದ್ರಿಕೆಗೆ. ನಾನು ಕೇಳೋದು, ಬಾ ಮಗ ಅಂತ ಒಬ್ರಾದ್ರೂ ಅನ್ಲಿ ಅಂತ. ಮಾತು ಅದೇಯ. ನಾನು ಅದುನ್ನ ಎಂಗೆ ಬುಡ್ಲಿ?"

ಆ ಮುದುಕಿಯ ನೀರನ್ನು ಕುಡಿದೆಯಾ ಎಂದು ಕೇಳಿದೆ. ಎರಡು ಚೆಂಬು ಕುಡಿದೆ ಎಂದ. ನನ್ನ ಗಂಡನ ಮನೆಯವರಿಗೆ ಈ ಮಾತು ಹೇಳಬೇಡ ಎಂದು ಅವನಿಗೆ ತಾಕೀತು ಮಾಡಿದೆ. ಮಾಡಿದ್ದು ನಾನೇ, ಬೇರೆ ಯಾರೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಒಕ್ಕಲುಮಕ್ಕಳಲ್ಲಿ ತಮ್ಮನ ಮಗಳ ಮೇಲೆ ಅಕ್ಕನಿಗೆ ಮೊದಲ ಹಕ್ಕು. ಅಕ್ಕ ತನ್ನ ಮಗನಿಗೆ ಬೇಕು ಎಂದು ಕೇಳುವವರೆಗೆ, ಇಲ್ಲವೇ ಬೇಡ ಎಂದು ಬಾಯಿಬಿಟ್ಟು ಹೇಳುವವರೆಗೆ, ತಮ್ಮ ಹೊರಗೆ ಗಂಡು ನೋಡುವಂತಿಲ್ಲ. ನನ್ನ ಮಗ ಚಲುವರಾಜನಿಗೆ ಇಪ್ಪತ್ತಮೂರು. ಪುಟ್ಟತಾಯಿಗೆ ಹದಿನೇಳು. ಬೆಟ್ಟ ಎರಡು ವರ್ಷದಿಂದ ಕಾಯುತ್ತಿದ್ದ. ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಂದಾಗಲೆಲ್ಲ ಮಗಳ ಮಾತು ತೆಗೆದು, ನನ್ನ ಮುಖ ನೋಡಿ, ಎದ್ದು ಹೋಗುತ್ತಿದ್ದ. ನಾನು ಕೇಳಿದರೆ ಅವನು ನನ್ನ ತಮ್ಮ ಎಂದು ನಾಲ್ಕು ತಾಲ್ಲೂಕಿಗೂ ತಿಳಿಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಅದು. ಮಗಳಿಗೆ ಗಂಡು ಎಲ್ಲಾದರೂ ಸಿಗುತ್ತಿದ್ದ.

ನನಗೆ ಆಸೆ ಇಲ್ಲದೆ ಏನು? ಪುಟ್ಟತಾಯಿ ಬಂಗಾರದಂಥ ಹುಡುಗಿ. ನನ್ನ ಗಂಡ ಮಹದೇವಪ್ಪನೂ ಬೇಡ ಎನ್ನುವವನಲ್ಲ. ಆದರೆ ಮನೆಯಲ್ಲಿ ಮಾತು ನಡೆಯುವುದು ಅವನ ಅಣ್ಣ ಸಣ್ಣಯ್ಯನದು. ಎಂಟು ವರ್ಷದ ಹಿಂದೆ ನನ್ನ ದೊಡ್ಡ ಮಗಳು ಮೈನೆರೆದಾಗ ಸೋದರಮಾವ ಹಸಿ ಸೊಪ್ಪಿನ ಗುಡ್ಲು ಹಾಕಬೇಕಿತ್ತು. ಬೆಟ್ಟ ಕೋಟೆಯಿಂದ ಬಂದು ಅತ್ತಿ ಸೊಪ್ಪು ಕಡಿದು ತಂದು ಗುಡ್ಲು ಕಟ್ಟಿದ. ಆವತ್ತು ಇದೇ ಸಣ್ಣಯ್ಯ ಪಕ್ಕದಲ್ಲಿ ನಿಂತು, ಗಟ್ಟಿಯಾಗಿ ಕಟ್ಟು ಮಾರಾಯ ಎಂದಿದ್ದರು. ಯಾವ ಜನ ಎಂದು ಕೇಳಿರಲಿಲ್ಲ. ದುಡಿಯುವುದಕ್ಕೆ ಸೋದರಮಾವ ಆಗಬಹುದು, ಬೀಗ ಆಗಲು ಬಂದಾಗ ಮಾತ್ರ ಕುಲ ನೆನಪಾಗುತ್ತದೆ.

ಐವತ್ತೈದರ ಬೇಸಿಗೆಯಲ್ಲಿ ನಮ್ಮೂರ ಬಾವಿಯ ಹೂಳು ತೆಗೆಯಲು ಬೆಟ್ಟನನ್ನೇ ಕರೆಸಿದರು. ಮೂರು ದಿನದ ಕೆಲಸ. ಅವನು ಮೂರನೆಯ ದಿನ ಮಧ್ಯಾಹ್ನ ಮೇಲೆ ಬಂದು, ಮಿಂದು, ಒಗೆದ ಅಂಗಿ ಹಾಕಿಕೊಂಡು ನಮ್ಮ ಜಗುಲಿಗೆ ಬಂದ. ರಾಮಮ್ಮ ಎಳ್ಳು ಬೆಲ್ಲ ಕುಟ್ಟಿ ಚಿಗಳಿ ಕಟ್ಟಿ ಕಳಿಸಿದ್ದಳು. ಅಂಗಿ ನೋಡಿದಾಗಲೇ ನನಗೆ ತಿಳಿಯಿತು. ಇವತ್ತು ಅಕ್ಕ ಹೆಣ್ಣು ಕೇಳುತ್ತಾಳೆ ಎಂದುಕೊಂಡೇ ಬಂದಿದ್ದಾನೆ.

ಸಣ್ಣಯ್ಯ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. "ನಾವೇನ್ ಬ್ಯಾಡ ಅಂದ್ವಾ ಸುಂದ್ರಮ್ಮ? ನಾಳೆ ಯಾರಾದ್ರೂ ಕೇಳುದ್ರೆ ನಾವೊಂದು ಮಾತು ಯೋಳ್ಬೇಕಲ್ವಾ. ಊರ ನಾಕ್ ಜನ ಕರ್ಸಿದ್ದೀನಿ. ಅವರ ಮುಂದೆ ನೀನು ಕೇಳು, ಅವನು 'ನಿಮ್ಮೋನೇಯ' ಅನ್ಲಿ. ಸುಳ್ಳೋ ನಿಜವೋ ಅಗಿಯಾಕೆ ಓಗಲ್ಲ ನಾವು. ಅಲ್ಲಿಗೆ ಮುಗೀತು."

"ನೀವೇ ಕೇಳಿ" ಎಂದೆ.

"ನಾವು ಕೇಳುದ್ರೆ ಅವನ್ಗೆ ಬೇಜಾರಾಯ್ತದೆ. ಅಕ್ಕ ಕೇಳುದ್ರೆ ಏನು?"

ಹೌದಲ್ಲ ಅನ್ನಿಸಿತು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಸಣ್ಣಯ್ಯ ಬಹಳ ದೊಡ್ಡ ಮನುಷ್ಯರಾಗಿ ಕಂಡರು. ಒಂದೇ ಮಾತಿಗೆ ಮದುವೆ ಆಗುತ್ತದೆ. ಇಷ್ಟು ವರ್ಷ ಊರೂರಲ್ಲಿ ಹೇಳಿದ್ದಾನಂತೆ, ಇನ್ನೊಂದು ಸಲ ಹೇಳಿದರೆ ಬಾಯಿ ಸವೆಯುತ್ತದಾ ಎಂದುಕೊಂಡೆ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು ಜಗುಲಿಗೆ ಬಂದೆ. ಎಂಟು ಹತ್ತು ಜನ ಕೂತಿದ್ದರು. ಬೆಟ್ಟ ನನ್ನ ಕೈಯ ತಟ್ಟೆ ನೋಡಿ ಎದ್ದು ನಿಂತ. ಅವನ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

"ಬೆಟ್ಟ, ನಾಕ್ ಜನದ ಮುಂದೆ ಒಂದು ಮಾತು ಯೋಳ್ಬುಡು. ನೀನು ಯಾವ ಜನ?"

ಅವನು ಕೂತುಬಿಟ್ಟ. ಒಂದು ಸಲವೂ ಅಲುಗಾಡದೆ ಕೂತ. ನಾನು, ಹೇಳೋ, ಹೇಳೋ ಎಂದು ಕಣ್ಣಿನಲ್ಲೇ ಗದರಿದೆ. ಇವನಿಗೆ ಅರ್ಥವಾಗಿಲ್ಲ ಎಂದುಕೊಂಡಿದ್ದೆ ನಾನು, ಮೂಳಿ.

"ಅಕ್ಕ" ಎಂದ ಕೊನೆಗೆ. "ಇದುನ್ನ ಎಲ್ಲಾ ಬಾವಿ ಅಂಚಲ್ಲೂ ಕೇಳವ್ರೆ. ಎಲ್ರಿಗೂ ನಾನು ಒಂದೇ ಮಾತು ಯೋಳ್ತಿದ್ದೆ, ಪಿರಿಯಾಪಟ್ಟಣದ ಸುಂದ್ರಮ್ಮನ ತಮ್ಮ ಅಂತ. ಈಗ ನಿಂಗೆ ಏನಂತ ಯೋಳ್ಲಿ?"

ನನ್ನ ಕೈಯ ತಟ್ಟೆ ಕೈಯಲ್ಲೇ ಉಳಿಯಿತು. ಅವನು ನನ್ನ ತಮ್ಮ, ಇನ್ನು ಯಾರಾದರೂ ಬಾಯಿ ಬಿಟ್ಟರೆ ನೋಡಿ ಎಂದು ಅರಚಬಹುದಿತ್ತು. ದಾಯಾದಿಗಳ ಮನೆ ಮುಂದೆ ನಿಂತು ಅರಚಿದವಳು ನಾನೇ. ಅವತ್ತು ನಾಲಿಗೆ ಏಳಲಿಲ್ಲ. ಸಣ್ಣಯ್ಯನೇ, "ಅಯ್ಯೋ, ಒಂದು ಮಾತಿಗೆ ಅನ್ನಪ್ಪ, ಏನಂತೆ" ಎಂದರು.

"ಬುಡಿ ಸಣ್ಣಯ್ಯನವ್ರೆ. ಇನ್ನೂ ಎಲ್ಡು ಮಂಕರಿ ಹೂಳು ಅದೆ" ಎಂದು ಬೆಟ್ಟ ಎದ್ದ. ಒಗೆದ ಅಂಗಿ ಬಿಚ್ಚಿ ಬಾವಿಕಟ್ಟೆಯ ಮೇಲೆ ಇಟ್ಟು ಮತ್ತೆ ಇಳಿದ. ಸಂಜೆವರೆಗೆ ಕೆಲಸ ಮಾಡಿ, ಮುಗಿಸಿ, ನಮ್ಮ ಮನೆ ಕಡೆ ತಿರುಗದೆ ಹೊರಟುಹೋದ.

ಆಮೇಲೆ ನನಗೂ ಕೂತಲ್ಲಿ ಕೂರಲಾಗಲಿಲ್ಲ. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ, ಕೋಟೆಗೆ ಹೋಗಿ ಅವನ ಬಾಗಿಲಲ್ಲಿ ನಿಂತು ಹುಡುಗಿಯನ್ನು ಕೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಎರಡು ಸಲ ಬಸ್ಸಿನ ತನಕ ಹೋಗಿ, ಅಲ್ಲಿ ಸುಮ್ಮನೆ ನಿಂತು, ವಾಪಸು ಬಂದೆ. ಮೂರು ತಿಂಗಳಿಗೆ ಬೆಟ್ಟನೇ ಬಂದ. ಅರಿಶಿನ ಕುಂಕುಮ ಕೊಟ್ಟು ಮಗಳ ಮದುವೆಗೆ ಕರೆದ. ಗಂಡು ಕೋಟೆಯ ಹತ್ತಿರದವನೇ. ಹುಡುಗನ ಅಪ್ಪ ಕೇಳಿದ್ದು, ಹುಡುಗಿಗೆ ಗದ್ದೆ ನಾಟಿ ಹಾಕಲು ಬರುತ್ತದಾ ಎಂದು ಮಾತ್ರವಂತೆ.

"ಕೋಪಾನಾ ನನ್ಮೇಲೆ?" ಎಂದೆ.

"ಇಲ್ಲ ಕಣಕ್ಕ" ಎಂದ. ನಿಜಕ್ಕೂ ಕೋಪವಿರಲಿಲ್ಲ. ಅವನು ನಾಲ್ಕು ಬೈದಿದ್ದರೆ ನಾನು ಅವನ ಕಾಲಿಗಾದರೂ ಬೀಳುತ್ತಿದ್ದೆ.

ಮದುವೆಗೆ ಒಬ್ಬಳೇ ಹೋದೆ. ನಮ್ಮ ಕಡೆ ಹೆಣ್ಣಿನ ಪಕ್ಕದಲ್ಲಿ ಕಳಸ ಹಿಡಿದು ನಿಲ್ಲಬೇಕಾದವಳು ಸೋದರತ್ತೆ. ರಾಮಮ್ಮನ ತಂಗಿ ಹಿಡಿದಿದ್ದಳು. ನನ್ನನ್ನು ಯಾರೂ ದೂರ ಇಡಲಿಲ್ಲ, ಕರೆದು ಮುಂದೆಯೂ ಕೂರಿಸಲಿಲ್ಲ. ಊಟದ ಸಾಲಿನಲ್ಲಿ ನಂಟರ ನಡುವೆ ಎಲೆ ಹಾಕಿಸಿಕೊಂಡು ಕೂತೆ. ಪಕ್ಕದ ಎಲೆಗೆ ಗಂಡಿನ ಕಡೆಯ ಒಬ್ಬ ಹೆಂಗಸು ಬಂದು ಕೂತಳು. ಒಳ್ಳೆಯ ಹೆಂಗಸು. ನನ್ನ ಎಲೆಗೆ ತುಪ್ಪ ಬಿದ್ದಿಲ್ಲವೆಂದು ತಾನೇ ಕೂಗಿ ಹಾಕಿಸಿದಳು. ಆಮೇಲೆ ಮುಖ ತಿರುಗಿಸಿ, ಬಹಳ ಅಕ್ಕರೆಯಿಂದ ಕೇಳಿದಳು.

"ನೀವು ಹೆಣ್ಣಿಗೆ ಏನಾಗ್ಬೇಕವ್ವ?"

ಬೆಟ್ಟ ಎರಡು ಎಲೆ ಆಚೆ ಬಗ್ಗಿ ಅನ್ನ ಬಡಿಸುತ್ತಿದ್ದ. ಸೋದರತ್ತೆ ಎನ್ನಲು ಬಾಯಿ ತೆರೆದೆ. ಅವನು ಕೇಳಿಸಿಕೊಂಡಾನು ಎಂದು ಹೆದರಿಕೆಯಾಯಿತು.

"ಭೇರ್ಯದ ಕಡೆಯೋರು" ಎಂದೆ.