ಬಗ್ಗಿದ ಕತ್ತಿಗೊಂದು ಟೈ

ನಮ್ಮ ಪಂಪ್‌ಸೆಟ್ ಕಂಪನಿಗೆ ಸಿಬ್ಬಂದಿಯ ಕತ್ತಿನ ಮೇಲೆ ಬಹಳ ಪ್ರೀತಿ. ಪ್ರಮೋಷನ್ ಕೇಳಿದರೆ ಹೊಸ ಟೈ ಕಳಿಸುತ್ತದೆ. ನೀಲಿ ಟೈ, ಅದರ ನೇಯ್ಗೆಯಲ್ಲೇ ಮೂಡಿಸಿದ ಪುಟ್ಟ ಪಂಪು. ಅದನ್ನು ಬಿಗಿದುಕೊಂಡು ಕಡೂರಿನ ಬಿಸಿಲಲ್ಲಿ ಬೈಕ್ ಓಡಿಸುವ ಭಾಗ್ಯ ನನ್ನದು. ಪಂಪಿನ ಪ್ರಚಾರಕ್ಕೆಂದು ಅಜ್ಜಂಪುರದ ಕಡೆ ಹಳ್ಳಿಗೆ ಹೋದರೆ, ಇನ್ಶೂರೆನ್ಸ್‌ನವನು ಬಂದ ಎಂದು ಜನ ಮನೆಯೊಳಗೆ ಸೇರಿಕೊಳ್ಳುತ್ತಾರೆ.

ಈ ವರ್ಷ ಹೆಡ್ಡಾಫೀಸಿನವರಿಗೆ ಔದಾರ್ಯ ಉಕ್ಕಿತು. ತರೀಕೆರೆಯ ಕಲ್ಯಾಣ ಮಂಟಪದಲ್ಲಿ ಡೀಲರುಗಳಿಗೆ ಸನ್ಮಾನ, ಮನೆಯವರನ್ನೂ ಕರೆತನ್ನಿ ಎಂದು ಕಾರ್ಡು ಹೊಡೆಸಿದರು. ಗಂಡಸರಿಗೆ ಟೈ, ಹೆಂಗಸರಿಗೆ ಅದೇ ಪಂಪಿನ ಸ್ಕಾರ್ಫ್.

"ಸಾರ್, ನಮ್ ಕಡೆ ಸನ್ಮಾನ ಅಂದ್ರೆ ಶಾಲು ಹೊದಿಸ್ಬೇಕು" ಎಂದು ಫೋನಿನಲ್ಲಿ ಹೇಳಿದೆ.

"ಬ್ರ್ಯಾಂಡಿಂಗ್ ವಿಷಯ ನಮಗೆ ಬಿಡಿ" ಎಂದು ಅಪ್ಪಣೆಯಾಯಿತು. ಬಿಟ್ಟೆ.

ಸಮಾರಂಭದ ದಿನ ಮೊದಲು ಕರೆದದ್ದು ಹಿರೇನಲ್ಲೂರಿನ ಡೀಲರನ್ನು. ನಾನು ಕೆಲಸಕ್ಕೆ ಸೇರುವ ಮುಂಚಿನಿಂದ ನಮ್ಮ ಪಂಪು ಮಾರುತ್ತಿರುವ ಹಿರಿಯರು. ಹಣೆ ತುಂಬ ವಿಭೂತಿ, ಗರಿಗರಿ ಪಂಚೆ, ಜುಬ್ಬ. ಹೆಗಲಿನಿಂದ ಯಾವತ್ತೂ ಇಳಿಯದ ಟವೆಲ್ಲನ್ನು, ಶಾಲಿಗೆ ಜಾಗವಿರಲಿ ಎಂದು ಹೆಂಡತಿಯ ಕೈಗೆ ಕೊಟ್ಟು ವೇದಿಕೆ ಹತ್ತಿದರು. ನೋಡಲೆಂದು ಬೀಗರನ್ನೂ ಕರೆತಂದಿದ್ದರು. ಕೈಮುಗಿದು ಕತ್ತು ಬಗ್ಗಿಸಿದರು.

ಹೆಡ್ಡಾಫೀಸಿನಿಂದ ಬಂದಿದ್ದ ಬೆಂಗಳೂರಿನ ಸಾಹೇಬರು ಟೈನ ಡಬ್ಬಿ ಮುಂದೆ ಹಿಡಿದರು. ಕತ್ತು ಏಳಲಿಲ್ಲ. ಸಾಹೇಬರಿಗೆ ಏನು ಹೊಳೆಯಿತೋ, ಡಬ್ಬಿ ಬಿಚ್ಚಿ ಟೈಯನ್ನು ಆ ಕತ್ತಿನ ಮೇಲೆ ಇಳಿಬಿಟ್ಟರು. ಅದು ಜುಬ್ಬದ ಮೇಲಿಂದ ಜಾರಿ ಕಾಲ ಹತ್ತಿರ ಬಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿರಿಯರು ತಲೆ ಎತ್ತಲಾರದೆ ಹಾಗೇ ನಿಂತರು. ಹೋಗಿ ಎತ್ತಿಕೊಡಬೇಕೆಂದು ನನಗೆ ಅನ್ನಿಸಿತು. ಆದರೂ ನಿಂತಲ್ಲೇ ನಿಂತಿದ್ದೆ.

ಎದ್ದು ಬಂದವರು ಅವರ ಹೆಂಡತಿ. ಬಾಗಿಲಲ್ಲೇ ಕೊಟ್ಟಿದ್ದ ತಮ್ಮ ಸ್ಕಾರ್ಫನ್ನು ಬಿಚ್ಚಿ, ಕೊಡವಿ, ಗಂಡನ ಹೆಗಲಿಗೆ ಹೊದಿಸಿದರು. ಅರ್ಧ ಬೆನ್ನಿಗೂ ಸಾಲದ ಬಟ್ಟೆ.

"ಬಗ್ಗಿಸಿದ ಕತ್ತು ಬರಿದಾಗಿ ಏಳ್ಬಾರ್ದು ಕಣ್ರೀ" ಎಂದು ಸಾಹೇಬರಿಗೆ ಮೆತ್ತಗೆ ಹೇಳಿದರು.

ಮಂಟಪವೆಲ್ಲ ಚಪ್ಪಾಳೆ. ಸಾಹೇಬರು ನಗುತ್ತ ಎಲ್ಲರಿಗೂ ಕೈಬೀಸಿದರು. ಚಪ್ಪಾಳೆ ತಮಗೇ ಎಂದುಕೊಂಡಿರಬೇಕು.

ಊಟಕ್ಕೆ ಕೂತಾಗ ಆಕೆಗೆ ಹೋಳಿಗೆ ಬಡಿಸಲು ನಾನು ಬಗ್ಗಿದೆ. ನನ್ನ ಟೈ ಹೋಗಿ ಎಲೆಯ ಸಾರಿನಲ್ಲಿ ಅದ್ದಿತು. ಆಕೆ ಅದರ ತುದಿ ಹಿಡಿದೆತ್ತಿ ಗಂಡನ ಟವೆಲ್ಲಿನಿಂದ ಒರೆಸಿದರು.

"ಎಷ್ಟು ವರ್ಷ ಆಯ್ತಪ್ಪಾ ಇವ್ರತ್ರ ಸೇರಿ?"

"ಹದಿನಾಲ್ಕಮ್ಮ."

"ಇಷ್ಟೇ ಏನಪ್ಪಾ ನಿನ್ ಕತ್ತಿಗೆ ಹಾಕಿರೋದು?"

ನಾನು ಇನ್ನೊಂದು ಹೋಳಿಗೆ ಬಡಿಸಿದೆ.